ಟ್ರೇಲರ್ ಎಳೆಯುವ ದೂರಪ್ರಯಾಣಕ್ಕೆ ಹೆಚ್ಚುವರಿ ಡೀಸೆಲ್: ಉಕ್ಕಿನ ಕ್ಯಾನು, ಕುಲುಕುವ ಪೈಪು, 12 ವೋಲ್ಟಿನ ಪಂಪು

ಭಾರವಾದ ಟ್ರೇಲರನ್ನು ಹಿಂದೆ ಕಟ್ಟಿಕೊಂಡು ದೂರ ಹೊರಡುವವರು ಟೈರು, ಬ್ರೇಕು, ಕೊಂಡಿ ಎಲ್ಲವನ್ನೂ ಹತ್ತು ಸಲ ವಿಚಾರಿಸಿ ಕೊಳ್ಳುತ್ತಾರೆ; ಡೀಸೆಲ್ ಕ್ಯಾನಿನ ವಿಷಯದಲ್ಲಿ ಮಾತ್ರ ಎಷ್ಟು ಲೀಟರ್ ಹಿಡಿಸುತ್ತದೆ, ಮುಚ್ಚಳ ಭದ್ರವಾಗಿದೆಯೇ ಎಂಬಷ್ಟನ್ನೇ ನೋಡಿ ಸುಮ್ಮನಾಗುತ್ತಾರೆ. ತುಂಬಿದ ಆ ಕ್ಯಾನನ್ನು ರಸ್ತೆಬದಿಯಲ್ಲಿ, ಗಾಳಿ ಬೀಸುತ್ತಿರುವಾಗ, ಒಬ್ಬರೇ ನಿಂತು ಗಾಡಿಯ ಟ್ಯಾಂಕಿಗೆ ಖಾಲಿ ಮಾಡುವುದು ಹೇಗೆ ಎಂಬ ಪ್ರಶ್ನೆ ಏಳುವುದು ಮೊದಲ ಸಲ ಅದನ್ನು ಎತ್ತಿದಾಗ. ಹಲವು ಬಗೆಯ ಕ್ಯಾನುಗಳನ್ನೂ ಅವುಗಳಿಂದ ಡೀಸೆಲ್ ಇಳಿಸುವ ಸಾಧನಗಳನ್ನೂ ದೂರದ ಹಾದಿಯಲ್ಲಿ ಬಳಸಿ ನೋಡಿದ ಮೇಲೆ ನನಗೆ ದೃಢವಾಗಿರುವ ಅಭಿಪ್ರಾಯವೆಂದರೆ, ಹೊರುವ ಸಾಮಾನಿಗಿಂತ ಇಳಿಸುವ ಸಾಮಾನನ್ನು ಮೊದಲು ಆರಿಸಬೇಕು, ಅದಕ್ಕೆ ಹೊಂದುವ ಕ್ಯಾನನ್ನು ಆಮೇಲೆ ಕೊಳ್ಳಬೇಕು. ಈ ವಿಮರ್ಶೆಯಲ್ಲಿ ನಾನು ಪರಿಶೀಲಿಸಿರುವುದು ಮುಖ್ಯವಾಗಿ ಮೂರು ವಸ್ತುಗಳನ್ನು: 20 ಲೀಟರಿನ ಉಕ್ಕಿನ ಜೆರ್ರಿಕ್ಯಾನು, ತುದಿಯಲ್ಲಿ ಗೋಲಿಯಿರುವ ಕುಲುಕುವ ಸೈಫನ್ ಪೈಪು ಮತ್ತು ಬ್ಯಾಟರಿಗೆ ಜೋಡಿಸುವ 12 ವೋಲ್ಟಿನ ಡೀಸೆಲ್ ಪಂಪು. ಪ್ಲಾಸ್ಟಿಕ್ ಕ್ಯಾನು ಮತ್ತು ಜರಡಿಯಿರುವ ಆಲಿಕೆಗಳ ಬಗ್ಗೆಯೂ ಅಗತ್ಯವಿದ್ದಷ್ಟು ಹೇಳಿದ್ದೇನೆ.

ಎಷ್ಟು ಡೀಸೆಲ್ ಒಯ್ಯಬೇಕು ಎಂಬುದನ್ನು ಮೊದಲು ಲೆಕ್ಕ ಹಾಕಬೇಕು. 80 ಲೀಟರಿನ ಟ್ಯಾಂಕಿರುವ ಗಾಡಿಯೊಂದು ಟ್ರೇಲರ್ ಇಲ್ಲದೆ ಓಡುವಾಗ ಲೀಟರಿಗೆ 10 ಕಿಲೋಮೀಟರ್ ಕೊಡುತ್ತದೆ ಎಂದುಕೊಳ್ಳೋಣ. ಎತ್ತರವಾದ ಟ್ರೇಲರನ್ನು ಎಳೆಯುವಾಗ ಅದು 6ಕ್ಕೆ ಇಳಿಯುವುದು ಸಾಮಾನ್ಯ, ಎದುರುಗಾಳಿ ಇದ್ದರೆ 5ಕ್ಕೂ ಇಳಿಯಬಹುದು. ತಳದ 10 ಲೀಟರನ್ನು ಮುಟ್ಟುವುದಿಲ್ಲ ಎಂದಿಟ್ಟುಕೊಂಡರೆ 700 ಕಿಲೋಮೀಟರ್ ಹೋಗುತ್ತಿದ್ದ ಗಾಡಿ ಈಗ 420 ಅಥವಾ 350 ಕಿಲೋಮೀಟರಿಗೇ ನಿಲ್ಲುತ್ತದೆ. ಎರಡು ಕ್ಯಾನುಗಳು ಅದಕ್ಕೆ 200ರಿಂದ 240 ಕಿಲೋಮೀಟರ್ ಸೇರಿಸುತ್ತವೆ. ಮುಂದಿನ ಬಂಕ್ ಮುಚ್ಚಿದ್ದರೂ ಅದರಾಚೆಯ ಬಂಕಿಗೆ ತಲುಪಲು ಅಷ್ಟು ಸಾಕಾಗುವ ಹಾದಿಗಳೇ ಹೆಚ್ಚು. ನಾಲ್ಕೈದು ಕ್ಯಾನು ಹೊತ್ತು ಸಾಗುವವರು ಡೀಸೆಲ್ ಹೊರುವುದಕ್ಕೇ ಡೀಸೆಲ್ ಸುಡುತ್ತಿರುತ್ತಾರೆ. ಇನ್ನೂ ಒಂದು ಮಾತು ಇಲ್ಲಿ ಸೇರಬೇಕು. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಗಂಟೆಗೆ 80 ಕಿಲೋಮೀಟರಿನಿಂದ 100ಕ್ಕೆ ಹೋದರೆ ಆ ತಡೆ ಸುಮಾರು 56 ಶೇಕಡಾ ಹೆಚ್ಚುತ್ತದೆ. ಟ್ರೇಲರಿನ ಚಪ್ಪಟೆ ಮುಖ ಗಾಳಿಗೆ ಎದುರಾಗಿರುವಾಗ ವೇಗ ತಗ್ಗಿಸುವುದರಿಂದ ಉಳಿಯುವ ಡೀಸೆಲ್ ಒಂದು ಕ್ಯಾನಿನ ಡೀಸೆಲಿಗೆ ಸಮನಾಗುವ ದಿನಗಳೂ ಇರುತ್ತವೆ.

ಈಗ ಕ್ಯಾನಿನ ವಿಷಯ. 1937ರಲ್ಲಿ ಜರ್ಮನಿಯ ಶ್ವೆಲ್ಮ್ ಎಂಬಲ್ಲಿದ್ದ ಮ್ಯುಲ್ಲರ್ ಸಂಸ್ಥೆಯ ಎಂಜಿನಿಯರ್ ವಿನ್ಸೆಂಜ್ ಗ್ರ್ಯೂನ್‌ಫೋಗೆಲ್ ಸೈನ್ಯಕ್ಕಾಗಿ ರೂಪಿಸಿದ ಕ್ಯಾನಿನ ವಿನ್ಯಾಸವೇ ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಇಂದಿಗೂ ನಡೆದುಬಂದಿದೆ. ಅಷ್ಟು ಕಾಲ ಅದು ಉಳಿದದ್ದಕ್ಕೆ ಕಾರಣಗಳು ಕ್ಯಾನನ್ನು ಕೈಯಲ್ಲಿ ಹಿಡಿದಾಗಲೇ ತಿಳಿಯುತ್ತವೆ. ಮೇಲೆ ಸಾಲಾಗಿರುವ ಮೂರು ಹಿಡಿಗಳಿಂದಾಗಿ ತುಂಬಿದ ಕ್ಯಾನನ್ನು ಇಬ್ಬರು ಆಚೀಚೆ ಹಿಡಿದು ಒಯ್ಯಬಹುದು, ಖಾಲಿಯಾದ ಎರಡನ್ನು ಒಬ್ಬರೇ ಒಂದು ಕೈಯಲ್ಲಿ ಹಿಡಿಯಬಹುದು. ಪಕ್ಕದ ತಗಡಿನಲ್ಲಿ ಒತ್ತಿರುವ ಅಡ್ಡಗೆರೆಗಳು ತಗಡನ್ನು ಗಟ್ಟಿಗೊಳಿಸುವುದಲ್ಲದೆ ಒಳಗಿನ ದ್ರವ ಹಿಗ್ಗಿದಾಗ ಬದಿಗಳು ಸ್ವಲ್ಪ ಉಬ್ಬುವುದಕ್ಕೂ ಎಡೆ ಕೊಡುತ್ತವೆ. ಎರಡು ಅರೆಗಳನ್ನು ಸೇರಿಸಿದ ಬೆಸುಗೆ ಸುತ್ತಲಿನ ತಗ್ಗಿನಲ್ಲಿ ಕುಳಿತಿರುವುದರಿಂದ ಕ್ಯಾನು ಬಿದ್ದರೂ ಪೆಟ್ಟು ಬೆಸುಗೆಯ ಮೇಲೆ ಬೀಳುವುದಿಲ್ಲ. ಹಿಡಿಗಳ ಕೆಳಗೆ ಗಾಳಿಗಾಗಿ ಬಿಟ್ಟಿರುವ ಜಾಗವಿದೆ. ಕ್ಯಾನನ್ನು ಬಾಗಿಸಿದಾಗ ಕತ್ತಿನೊಳಗಿರುವ ಸಣ್ಣ ಕೊಳವೆಯ ಮೂಲಕ ಹೊರಗಿನ ಗಾಳಿ ಆ ಜಾಗಕ್ಕೆ ಹೋಗುತ್ತದೆ, ಡೀಸೆಲ್ ಗಳಗಳನೆ ತಡೆತಡೆದು ಬೀಳದೆ ಒಂದೇ ಧಾರೆಯಾಗಿ ಇಳಿಯುತ್ತದೆ.

ಮುಚ್ಚಳದ ಅಚ್ಚುಕಟ್ಟು ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚಿಗೆಯಾದದ್ದು. ತಿರುಪಿನ ಬದಲು ಇದಕ್ಕೆ ಒತ್ತಿ ಕೂರಿಸುವ ಸನ್ನೆಯಂಥ ಹಿಡಿಯಿದೆ. ಅದನ್ನು ಕೆಳಗೆ ತಳ್ಳಿದಾಗ ಮುಚ್ಚಳದ ಒಳಗಿನ ವಾಷರ್ ಬಾಯಿಯ ಸುತ್ತಲೂ ಸಮನಾಗಿ ಒತ್ತಿ ಕೂರುತ್ತದೆ, ಅಡ್ಡ ತೂರಿಸುವ ಸಣ್ಣ ಪಿನ್ನು ಅದನ್ನು ಮೇಲೇಳದಂತೆ ಹಿಡಿಯುತ್ತದೆ. ಬಿಸಿಲಲ್ಲಿ ಕಾದ ಅಥವಾ ತಗ್ಗಿನಲ್ಲಿ ತುಂಬಿ ಘಟ್ಟದ ಮೇಲಕ್ಕೆ ಒಯ್ದ ಕ್ಯಾನಿನೊಳಗೆ ಒತ್ತಡ ಸೇರಿಕೊಂಡಿರುತ್ತದೆ. ಹಿಡಿಯನ್ನು ಅರ್ಧಕ್ಕೆ ಎತ್ತಿದರೆ ಉಸ್ಸೆಂದು ಗಾಳಿ ಹೊರಹೋಗುತ್ತದೆ, ಮುಚ್ಚಳ ಮಾತ್ರ ಬಾಯಿಯ ಮೇಲೇ ಇರುತ್ತದೆ. ಮುಖಕ್ಕೆ ಡೀಸೆಲ್ ಎರಚುವ ಪ್ರಮೇಯವಿಲ್ಲ. ತಿರುಪಿನ ಮುಚ್ಚಳದ ಕ್ಯಾನುಗಳಲ್ಲಿ ಈ ಸೌಲಭ್ಯ ಇಷ್ಟು ಚೆನ್ನಾಗಿಲ್ಲ. ಡೀಸೆಲ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.08 ಶೇಕಡಾ ಹಿಗ್ಗುತ್ತದೆ. ಬೆಳಗಿನ ತಂಪಿನಲ್ಲಿ ತುಂಬಿದ 20 ಲೀಟರ್ ಮಧ್ಯಾಹ್ನಕ್ಕೆ 25 ಡಿಗ್ರಿ ಹೆಚ್ಚು ಕಾದರೆ ಹೆಚ್ಚುಕಡಿಮೆ ಅರ್ಧ ಲೀಟರಿನಷ್ಟು ಹೆಚ್ಚು ಜಾಗ ಬೇಡುತ್ತದೆ. ಕತ್ತಿನ ತನಕ ತುಂಬಿಸಬಾರದು ಎನ್ನುವುದು ಇದಕ್ಕಾಗಿ.

ಕೊಳ್ಳುವಾಗ ನೋಡಬೇಕಾದ ಗುರುತು ತಗಡಿನ ಮೇಲೇ ಒತ್ತಿರುತ್ತದೆ. ಉಕ್ಕಿನ ಕ್ಯಾನಿಗೆ ವಿಶ್ವಸಂಸ್ಥೆಯ (ಯುಎನ್) ಚಿಹ್ನೆಯ ಪಕ್ಕದಲ್ಲಿ 3ಎ1 ಎಂದೂ ಪ್ಲಾಸ್ಟಿಕ್ ಕ್ಯಾನಿಗೆ 3ಎಚ್1 ಎಂದೂ ಇರಬೇಕು. ಅದರ ಮುಂದಿನ ಎಕ್ಸ್, ವೈ ಅಥವಾ ಝಡ್ ಅಕ್ಷರ ಎಂಥ ಅಪಾಯದ ದ್ರವಕ್ಕೆ ಅದನ್ನು ಪರೀಕ್ಷಿಸಲಾಗಿದೆ ಎಂಬುದನ್ನು ಹೇಳುತ್ತದೆ. ಯುಎನ್ 1202 ಎಂಬ ಸಂಖ್ಯೆಯ ಡೀಸೆಲ್ ಮೂರನೆಯ, ಅಂದರೆ ಅತಿ ಕಡಿಮೆ ಅಪಾಯದ ಗುಂಪಿಗೆ ಸೇರುವುದರಿಂದ ಝಡ್ ಸಾಕು, ವೈ ಇದ್ದರೆ ಇನ್ನೂ ಒಳ್ಳೆಯದು. ಈ ಗುರುತೇ ಇಲ್ಲದ, ನೋಡಲು ಮಾತ್ರ ಹಾಗೆಯೇ ಇರುವ ಕ್ಯಾನುಗಳು ಮಾರುಕಟ್ಟೆಯಲ್ಲಿ ಧಾರಾಳವಾಗಿವೆ. ಅವುಗಳ ತಗಡು ತೆಳು, ಒಳಗಿನ ಬಣ್ಣದ ಲೇಪ ಪೊರೆಪೊರೆಯಾಗಿ ಕಳಚುತ್ತದೆ, ಆ ಚೂರುಗಳು ನೇರವಾಗಿ ಗಾಡಿಯ ಫಿಲ್ಟರಿಗೆ ಹೋಗುತ್ತವೆ. ಅಂಗಡಿಯಲ್ಲೇ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ಒಳಗೆ ನೋಡುವುದರಲ್ಲಿ ಸಂಕೋಚ ಬೇಕಾಗಿಲ್ಲ. ಒಳಭಾಗಕ್ಕೆ ಸತುವಿನ ಲೇಪವಿರುವ ಡಬ್ಬಗಳು ಡೀಸೆಲಿಗೆ ಒಗ್ಗುವುದಿಲ್ಲ; ಸತುವು ಡೀಸೆಲಿನಲ್ಲಿರುವ ಆಮ್ಲಗಳೊಂದಿಗೆ ಸೇರಿ ಸಾಬೂನಿನಂಥ ಜಿಗುಟನ್ನು ಉಂಟುಮಾಡಿ ಫಿಲ್ಟರನ್ನೂ ಇಂಜೆಕ್ಟರನ್ನೂ ಕಟ್ಟಿಸುತ್ತದೆ. ನೀರಿಗೆ ಬಳಸುವ ಡಬ್ಬವೊಂದು ಮನೆಯಲ್ಲಿ ಬಿದ್ದಿದೆ, ಅದೇ ಆಯಿತು ಎನ್ನುವವರಿಗೆ ಇದನ್ನು ಒತ್ತಿ ಹೇಳಬೇಕೆನಿಸುತ್ತದೆ.

ಪ್ಲಾಸ್ಟಿಕ್ ಕ್ಯಾನನ್ನು ನಾನು ತಳ್ಳಿಹಾಕುವುದಿಲ್ಲ. ಅದು ತುಕ್ಕು ಹಿಡಿಯುವುದಿಲ್ಲ, ಉಕ್ಕಿನದರ ಅರ್ಧಕ್ಕಿಂತ ಕಡಿಮೆ ತೂಗುತ್ತದೆ, ಒಳಗೆ ಎಷ್ಟು ಉಳಿದಿದೆ ಎಂಬುದು ಬೆಳಕಿಗೆ ಹಿಡಿದರೆ ಕಾಣುತ್ತದೆ. ಆದರೆ ಬಿಸಿಲಿಗೆ ಸದಾ ಒಡ್ಡಿದರೆ ಪ್ಲಾಸ್ಟಿಕ್ ಕ್ರಮೇಣ ಪೆಡಸಾಗುತ್ತದೆ, ಮತ್ತು ಅದರೊಂದಿಗೆ ಬರುವ ಮೂತಿಗಳು, ಅದರಲ್ಲೂ ಒತ್ತಿದರೆ ಮಾತ್ರ ತೆರೆದುಕೊಳ್ಳುವ ಸ್ಪ್ರಿಂಗಿನ ಮೂತಿಗಳು, ಡೀಸೆಲನ್ನು ಬಹಳ ನಿಧಾನವಾಗಿ ಬಿಡುತ್ತವೆ. ಸೈಫನ್ ಪೈಪು ಅಥವಾ ಪಂಪು ಬಳಸುವವರಿಗೆ ಮೂತಿಯ ಗೊಡವೆಯೇ ಇಲ್ಲವಾದ್ದರಿಂದ ಅಂಥವರಿಗೆ ಅಗಲ ಬಾಯಿಯ ಒಳ್ಳೆಯ ಪ್ಲಾಸ್ಟಿಕ್ ಕ್ಯಾನು ಉಕ್ಕಿನದಕ್ಕೆ ಸಮನಾಗಿಯೇ ಕೆಲಸ ಮಾಡುತ್ತದೆ. ಮೂತಿ ಹಚ್ಚಿ ಕೈಯಿಂದಲೇ ಸುರಿಯುವವರು ಮಾತ್ರ ಉಕ್ಕಿನದನ್ನೇ ಕೊಳ್ಳಲಿ.

ಕೈಯಿಂದ ಸುರಿಯುವುದು ಎಂದೆ. ಅದು ಎಷ್ಟರ ಕೆಲಸ ಎಂಬುದನ್ನು ಸ್ವಲ್ಪ ವಿವರಿಸಬೇಕು. ಲೀಟರ್ ಡೀಸೆಲ್ ಸುಮಾರು 0.84 ಕಿಲೋ ತೂಗುತ್ತದೆ. 20 ಲೀಟರಿಗೆ 17 ಕಿಲೋ, ಉಕ್ಕಿನ ಕ್ಯಾನಿಗೆ ಇನ್ನು ನಾಲ್ಕೈದು ಕಿಲೋ, ಒಟ್ಟು 21 ಕಿಲೋಗೂ ಮೇಲೆ. ಇದನ್ನು ಸೊಂಟದಿಂದ ಮೇಲಕ್ಕೆ ಎತ್ತಿ, ದೇಹದಿಂದ ದೂರ ಚಾಚಿ, ಮೂತಿಯ ತುದಿ ಟ್ಯಾಂಕಿನ ಬಾಯಿಯಲ್ಲಿ ಸರಿಯಾಗಿ ಕೂತಿದೆಯೇ ಎಂದು ಕಣ್ಣಿಟ್ಟು, ಮೊದಲು ಮೆಲ್ಲಗೆ ಆಮೇಲೆ ಪೂರ್ತಿ ಬಾಗಿಸಿ ಎರಡು ಮೂರು ನಿಮಿಷ ಹಿಡಿದಿರಬೇಕು. ತುಂಬಿದ ಕ್ಯಾನನ್ನು ಬಾಗಿಸುವ ಮೊದಲ ಕ್ಷಣದಲ್ಲೇ ಚೆಲ್ಲುವುದು ಹೆಚ್ಚು, ಏಕೆಂದರೆ ಆಗ ಕ್ಯಾನು ಅತಿ ಭಾರ, ಡೀಸೆಲ್ ಬಾಯಿಗೆ ಅತಿ ಹತ್ತಿರ, ಕೈಗೆ ಇನ್ನೂ ಹದ ಸಿಕ್ಕಿರುವುದಿಲ್ಲ. ಮೂತಿ ಮತ್ತು ಕ್ಯಾನು ಸೇರುವಲ್ಲಿರುವ ರಬ್ಬರಿನ ಬಳೆ ಒಣಗಿದ್ದರೆ ಧಾರೆಯ ಜೊತೆಗೇ ಅಲ್ಲಿಂದಲೂ ಸಣ್ಣಗೆ ಜಿನುಗಿ ಗಾಡಿಯ ಬಣ್ಣದ ಮೇಲೆ ಇಳಿಯುತ್ತದೆ. ಡೀಸೆಲ್ ನೊರೆಗಟ್ಟುವ ದ್ರವವಾದ್ದರಿಂದ ಟ್ಯಾಂಕಿನ ಕತ್ತು ಕಿರಿದಾಗಿರುವ ಗಾಡಿಗಳಲ್ಲಿ ನೊರೆ ಮೇಲೆದ್ದು ಉಕ್ಕುವುದೂ ಉಂಟು.

ಈಚಿನ ಹಲವು ಡೀಸೆಲ್ ಗಾಡಿಗಳಲ್ಲಿ ಇನ್ನೊಂದು ತೊಡಕಿದೆ, ಅದನ್ನು ಹೊರಡುವ ಮೊದಲೇ ಮನೆಯ ಮುಂದೆ ಪರೀಕ್ಷಿಸಿ ನೋಡದವರು ಹಾದಿಯಲ್ಲಿ ಕಷ್ಟಪಡುತ್ತಾರೆ. ತಪ್ಪಿ ಪೆಟ್ರೋಲ್ ತುಂಬಿಸದಿರಲೆಂದು ಟ್ಯಾಂಕಿನ ಬಾಯಿಯೊಳಗೆ ಒಂದು ಕವಾಟವಿಟ್ಟಿರುತ್ತಾರೆ. ಪೆಟ್ರೋಲ್ ಬಂಕಿನ ಮೂತಿ ಸುಮಾರು 21 ಮಿಲಿಮೀಟರ್ ಇದ್ದು ಡೀಸೆಲಿನದು 24 ಅಥವಾ 25 ಇರುವುದರಿಂದ, ಅಗಲವಾದ ಮೂತಿ ಎರಡೂ ಬದಿಯ ಕೊಕ್ಕೆಗಳನ್ನು ಒಟ್ಟಿಗೇ ಒತ್ತಿದಾಗ ಮಾತ್ರ ಅದು ತೆರೆಯುತ್ತದೆ. ಕ್ಯಾನಿನ ತೆಳ್ಳನೆಯ ಮೂತಿಗಾಗಲಿ ಸೈಫನ್ ಪೈಪಿಗಾಗಲಿ ಅದು ಜಗ್ಗುವುದಿಲ್ಲ. ಗಾಡಿಯೊಂದಿಗೆ ಬಂದಿರುವ, ಹೆಚ್ಚಾಗಿ ಸ್ಟೆಪ್ನಿಯ ಬಳಿಯೋ ಹಿಂಬದಿಯ ಗೂಡಿನಲ್ಲೋ ಸಿಕ್ಕಿಸಿರುವ ಪ್ಲಾಸ್ಟಿಕ್ ಆಲಿಕೆಯನ್ನು ತೂರಿಸಿದರೆ ಕವಾಟ ತೆರೆದುಕೊಳ್ಳುತ್ತದೆ. ಆ ಆಲಿಕೆಯನ್ನು ಹುಡುಕಿ ಕ್ಯಾನಿನ ಹಿಡಿಗೇ ಕಟ್ಟಿಡಬೇಕು.

ಇಷ್ಟೆಲ್ಲ ಕಷ್ಟಕ್ಕೆ ಸರಳ ಪರಿಹಾರವೆಂದರೆ ಕುಲುಕುವ ಸೈಫನ್ ಪೈಪು, ಮತ್ತು ಈ ವಿಮರ್ಶೆಯಲ್ಲಿ ನನ್ನ ಪೂರ್ಣ ಮೆಚ್ಚಿಗೆ ಅದಕ್ಕೇ ಸಲ್ಲುತ್ತದೆ. ಸುಮಾರು ಎರಡು ಮೀಟರ್ ಉದ್ದದ ಮೆತ್ತನೆಯ ಪೈಪು, ಅದರ ಒಂದು ತುದಿಯಲ್ಲಿ ತಾಮ್ರ ಅಥವಾ ಹಿತ್ತಾಳೆಯ ಸಣ್ಣ ಕೊಳವೆ, ಅದರೊಳಗೆ ಒಂದು ಗಾಜಿನ ಗೋಲಿ. ಇಡೀ ಸಾಧನ ಇಷ್ಟೇ. ಲೋಹದ ತುದಿಯನ್ನು ಕ್ಯಾನಿನಲ್ಲಿ ಮುಳುಗಿಸಿ ಮೇಲೆ ಕೆಳಗೆ ಚುರುಕಾಗಿ ಕುಲುಕಬೇಕು. ಕೆಳಕ್ಕೆ ಹೋದಾಗ ಡೀಸೆಲ್ ಗೋಲಿಯನ್ನು ಎತ್ತಿ ಒಳಗೆ ನುಗ್ಗುತ್ತದೆ, ಮೇಲಕ್ಕೆ ಬಂದಾಗ ಗೋಲಿ ಕೂತು ದಾರಿ ಮುಚ್ಚುತ್ತದೆ. ಹೀಗೆ ಪ್ರತಿ ಕುಲುಕಿಗೂ ಡೀಸೆಲ್ ಒಂದಿಷ್ಟು ಮೇಲೇರಿ ಕ್ಯಾನಿನ ಅಂಚನ್ನು ದಾಟಿದ ಮೇಲೆ ತಾನೇ ತಾನಾಗಿ ಹರಿಯತೊಡಗುತ್ತದೆ. ಪಾರದರ್ಶಕ ಪೈಪಿನಲ್ಲಿ ಹಳದಿ ಬಣ್ಣದ ಡೀಸೆಲ್ ಮೆಟ್ಟಿಲು ಮೆಟ್ಟಿಲಾಗಿ ಏರಿ, ಬಾಗಿನಲ್ಲಿ ಒಂದು ಗಳಿಗೆ ತಡೆದು, ಆಚೆ ಬದಿಗೆ ಇಳಿದದ್ದು ಕಣ್ಣಿಗೇ ಕಾಣುತ್ತದೆ. ಬಾಯಿಂದ ಎಳೆಯುವ ಹಳೆಯ ಅಭ್ಯಾಸವನ್ನು ಬಿಡಿಸುವುದಕ್ಕೆ ಈ ಒಂದು ಪೈಪು ಸಾಕು. ಡೀಸೆಲ್ ನುಂಗಿದಾಗ ಆಗುವ ದೊಡ್ಡ ಅಪಾಯ ಹೊಟ್ಟೆಗಿಂತ ಶ್ವಾಸಕೋಶಕ್ಕೆ. ಅಲ್ಲಿಗೆ ಒಂದೆರಡು ಹನಿ ಇಳಿದರೂ ತೀವ್ರವಾದ ನ್ಯುಮೋನಿಯಾ ಬರಬಹುದು, ನುಂಗಿದವರಿಗೆ ವಾಂತಿ ಮಾಡಿಸಬಾರದು ಎನ್ನುವುದೂ ಇದೇ ಕಾರಣಕ್ಕೆ.

ಈ ಪೈಪು ಕೆಲಸ ಮಾಡಬೇಕಾದರೆ ಕ್ಯಾನು ಟ್ಯಾಂಕಿನ ಬಾಯಿಗಿಂತ ಎತ್ತರದಲ್ಲಿರಬೇಕು. ಅರ್ಧ ಮೀಟರ್ ಎತ್ತರ ಸಿಕ್ಕಿದರೂ ಸುಮಾರು 12 ಮಿಲಿಮೀಟರ್ ಒಳವ್ಯಾಸದ ಪೈಪಿನಲ್ಲಿ 20 ಲೀಟರ್ ಎರಡು ಮೂರು ನಿಮಿಷದಲ್ಲಿ ಇಳಿಯುತ್ತದೆ. ಕ್ಯಾನು ಬರಿದಾಗುತ್ತ ಬಂದಂತೆ ಎತ್ತರ ಕಡಿಮೆಯಾಗಿ ಹರಿವೂ ನಿಧಾನವಾಗುತ್ತದೆ. ಪಿಕಪ್ ಗಾಡಿಯವರಿಗೆ ಹಿಂಬದಿಯ ತೊಟ್ಟಿಯ ಅಂಚೇ ಇದಕ್ಕೆ ಅನುಕೂಲವಾದ ಎತ್ತರ. ಉಳಿದವರು ಒಂದು ಗಟ್ಟಿಯಾದ ಮಡಚುವ ಏಣಿಯನ್ನೋ ಪೆಟ್ಟಿಗೆಯನ್ನೋ ಬಳಸಬಹುದು. ನಿಲ್ಲಿಸಬೇಕೆನಿಸಿದಾಗ ಲೋಹದ ತುದಿಯನ್ನು ಡೀಸೆಲಿನಿಂದ ಮೇಲಕ್ಕೆ ಎತ್ತಿದರೆ ಸಾಕು, ಪೈಪಿನಲ್ಲಿ ಉಳಿದದ್ದೆಲ್ಲ ಟ್ಯಾಂಕಿಗೇ ಇಳಿದುಹೋಗುತ್ತದೆ. ಕೊಳ್ಳುವಾಗ ಪೈಪಿನ ಗುಣವನ್ನು ಮಾತ್ರ ಪರೀಕ್ಷಿಸಬೇಕು. ನಾನು ತರಿಸಿದ್ದ ಅಗ್ಗದ ಪೈಪೊಂದು ಕೆಲವೇ ಬಳಕೆಯಲ್ಲಿ ಸೆಟೆದುಕೊಂಡು, ಸುರುಳಿ ಬಿಚ್ಚಿದರೂ ನೇರವಾಗದೆ, ಕ್ಯಾನಿನಿಂದ ತಾನೇ ಹಾರಿ ಹೊರಬರುವಂತಾಯಿತು. ಅದರ ಲೋಹದ ತುದಿಯಂತೂ ಕೈಯಲ್ಲೇ ಕಳಚಿ ಬಂತು. ತುದಿಯನ್ನು ಸ್ಟೀಲ್ ಕ್ಲಿಪ್ಪಿನಿಂದ ಬಿಗಿದಿರುವ, ಚಳಿಯಲ್ಲೂ ಬಾಗುವ, ಇಂಧನಕ್ಕೆಂದೇ ತಯಾರಿಸಿದ ಪೈಪನ್ನು ಕೊಂಡರೆ ಈ ತೊಂದರೆ ಇಲ್ಲ. ಬಳಸಿದ ಮೇಲೆ ಎರಡೂ ತುದಿಗಳನ್ನು ಸೇರಿಸಿ ಜಿಪ್ಪಿರುವ ಚೀಲದಲ್ಲಿ ಇಡಬೇಕು, ಏಕೆಂದರೆ ಧೂಳು ಮೆತ್ತಿದ ಪೈಪು ಮುಂದಿನ ಸಲ ಆ ಧೂಳನ್ನೆಲ್ಲ ಟ್ಯಾಂಕಿಗೆ ಕೊಂಡೊಯ್ಯುತ್ತದೆ.

12 ವೋಲ್ಟಿನ ಪಂಪು ದುಬಾರಿಯಾದರೂ ಕೆಲವರಿಗೆ ಬೇಕೇ ಬೇಕು: ಕ್ಯಾನನ್ನು ಎತ್ತಲಾಗದವರಿಗೆ, ಟ್ಯಾಂಕಿಗಿಂತ ತಗ್ಗಿನಲ್ಲಿ ಡೀಸೆಲ್ ಇಟ್ಟಿರುವವರಿಗೆ, 100 ಲೀಟರಿಗೂ ಮೇಲೆ ಒಯ್ಯುವವರಿಗೆ. ಪೆಟ್ಟಿಗೆಯ ಮೇಲೆ ನಿಮಿಷಕ್ಕೆ 40 ಲೀಟರ್ ಎಂದು ಬರೆದಿರುವ ಪಂಪುಗಳೇ ಹೆಚ್ಚು ಸಿಗುತ್ತವೆ. ಉದ್ದನೆಯ ಪೈಪು, ಫಿಲ್ಟರು, ಕೈಮೂತಿ ಎಲ್ಲ ಸೇರಿದ ಮೇಲೆ ಅದು ಅಷ್ಟು ಕೊಡುವುದಿಲ್ಲ, ಆದರೂ ಒಂದು ಕ್ಯಾನು ಒಂದು ನಿಮಿಷದ ಆಸುಪಾಸಿನಲ್ಲಿ ಖಾಲಿಯಾಗುತ್ತದೆ. ಗಮನಿಸಬೇಕಾದದ್ದು ಅದು ಎಳೆಯುವ ವಿದ್ಯುತ್ತು. ಇಂಥ ಪಂಪುಗಳಲ್ಲಿ ಹಲವು 15ರಿಂದ 20 ಆಂಪಿಯರ್ ಎಳೆಯುತ್ತವೆ. ಗಾಡಿಯೊಳಗಿನ ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚಿದರೆ ಫ್ಯೂಸ್ ಹಾರುತ್ತದೆ. ಬ್ಯಾಟರಿಗೆ ನೇರವಾಗಿ, ಆದರೆ ನಡುವೆ ತಕ್ಕ ಫ್ಯೂಸ್ ಇಟ್ಟು ಜೋಡಿಸಬೇಕು. ಕ್ಲಿಪ್ಪು ಹಚ್ಚುವಾಗ ಕಿಡಿ ಹಾರುವುದು ಸಹಜ. ಆದಕಾರಣ ಮೊದಲು ಕ್ಲಿಪ್ಪು, ಆಮೇಲೆ ಕ್ಯಾನಿನ ಮುಚ್ಚಳ, ಕೊನೆಗೆ ಪಂಪಿನ ಸ್ವಿಚ್ಚು ಎಂಬ ಕ್ರಮವನ್ನು ತಪ್ಪಿಸಬಾರದು, ಮುಗಿದ ಮೇಲೆ ಅದನ್ನೇ ತಿರುಗುಮುರುಗಾಗಿ ಮಾಡಬೇಕು. ಒಣಗಿ ಓಡಿದರೆ ಪಂಪಿನೊಳಗೆ ತಿರುಗುತ್ತ ಡೀಸೆಲನ್ನು ತಳ್ಳುವ ಎಲೆಯಂಥ ತುಂಡುಗಳು ಸವೆಯುತ್ತವೆ, ಆದ್ದರಿಂದ ಕ್ಯಾನು ಬರಿದಾಗಿ ಸದ್ದು ಬದಲಾದ ಕೂಡಲೇ ನಿಲ್ಲಿಸಬೇಕು. ಇವು ಡೀಸೆಲಿಗೆ ಮಾತ್ರ; ಪೆಟ್ರೋಲಿನ ಆವಿ ಇವುಗಳ ಮೋಟಾರಿನ ಕಿಡಿಗೆ ಹೊತ್ತಿಕೊಳ್ಳುತ್ತದೆ.

ಟಾರ್ಚಿನ ಸೆಲ್ಲು ಹಾಕಿ ಓಡಿಸುವ ಸಣ್ಣ ಕೋಲಿನಾಕಾರದ ಪಂಪುಗಳನ್ನು ಶಿಫಾರಸು ಮಾಡಲಾರೆ. ನಿಧಾನ, ಸದ್ದು, ತೆಳು ಪ್ಲಾಸ್ಟಿಕ್, ಸೆಲ್ಲು ಇಳಿದ ದಿನ ನಿರುಪಯೋಗ.

ಪೆಟ್ರೋಲಿನ ಹೆಸರು ಬಂದದ್ದರಿಂದ ಒಂದು ಮಾತು. ಡೀಸೆಲಿನ ಆವಿ ಹೊತ್ತಿಕೊಳ್ಳಬೇಕಾದರೆ ಅದು ಸಾಮಾನ್ಯವಾಗಿ 50 ಡಿಗ್ರಿಗೂ ಮೇಲೆ ಕಾಯಬೇಕು, ಪೆಟ್ರೋಲಿಗೆ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಸಾಕು. ಡೀಸೆಲನ್ನು ಒಯ್ಯುವುದು ನಿರಪಾಯಕ್ಕೆ ಹತ್ತಿರ ಎನಿಸುವುದು ಈ ಅಂತರದಿಂದ. ಆದರೆ ಹಿಂದೆ ಪೆಟ್ರೋಲ್ ತುಂಬಿದ್ದ ಕ್ಯಾನನ್ನು ಹಾಗೆಯೇ ಡೀಸೆಲಿಗೆ ಬಳಸಿದರೆ, ತಳದಲ್ಲಿ ಉಳಿದ ಸ್ವಲ್ಪ ಪೆಟ್ರೋಲೂ ಆ ಅಂತರವನ್ನು ಬಹುಮಟ್ಟಿಗೆ ಅಳಿಸಿಹಾಕುತ್ತದೆ. ಕ್ಯಾನಿನ ಎರಡೂ ಬದಿಯಲ್ಲಿ ದೊಡ್ಡದಾಗಿ ಡೀಸೆಲ್ ಎಂದು ಬರೆಸಿ, ಅದಕ್ಕೊಂದೇ ಮೀಸಲಿಡುವುದು ಒಳ್ಳೆಯದು. ಕ್ಯಾನನ್ನು ತುಂಬಿಸುವಾಗ ಗಾಡಿಯಿಂದ ಕೆಳಗಿಳಿಸಿ ನೆಲದ ಮೇಲಿಟ್ಟು, ಬಂಕಿನ ಮೂತಿ ಕ್ಯಾನಿನ ಬಾಯಿಗೆ ತಾಗಿಕೊಂಡಿರುವಂತೆ ಹಿಡಿಯಬೇಕು. ಇಂದಿನ ಕಡಿಮೆ ಗಂಧಕದ ಡೀಸೆಲ್ ವಿದ್ಯುತ್ತನ್ನು ಸರಿಯಾಗಿ ಹರಿಯಬಿಡದ ಕಾರಣ ರಭಸವಾಗಿ ಸುರಿಯುವಾಗ ಸ್ಥಾಯಿ ವಿದ್ಯುತ್ತು ಕೂಡಿಕೊಳ್ಳುತ್ತದೆ, ರಬ್ಬರ್ ಹಾಸಿನ ಮೇಲೆ ಕೂತ ಕ್ಯಾನಿನಿಂದ ಅದು ನೆಲಕ್ಕೆ ಇಳಿಯಲಾರದು. ಈಚಿನ ಗಾಡಿಗಳಿಗೆ ಹೊಗೆಯನ್ನು ಶುದ್ಧಗೊಳಿಸಲು ಬೇಕಾಗುವ ಯೂರಿಯಾ ದ್ರವದ ಕ್ಯಾನೂ ಜೊತೆಗಿದ್ದರೆ ಅದಕ್ಕೆ ಬೇರೆ ಆಲಿಕೆ, ಬೇರೆ ಜಾಗ ಇರಲಿ. ಆ ದ್ರವ ಡೀಸೆಲ್ ಟ್ಯಾಂಕಿಗೆ ಬಿದ್ದರೆ ಗಾಡಿಯ ಕೀಲಿಯನ್ನೂ ತಿರುಗಿಸದೆ ಟ್ಯಾಂಕನ್ನು ಪೂರ್ತಿ ಬರಿದುಮಾಡಿಸಬೇಕಾಗುತ್ತದೆ.

ಟ್ರೇಲರ್ ಎಳೆಯುವವರು ಕ್ಯಾನನ್ನು ಎಲ್ಲಿಡಬೇಕು ಎಂಬುದು ಉಳಿದವರಿಗಿಂತ ಬೇರೆಯದೇ ಪ್ರಶ್ನೆ, ಏಕೆಂದರೆ ಇಲ್ಲಿ ಕೊಂಡಿಯ ಮೇಲಿನ ಭಾರ ಏರುಪೇರಾಗುತ್ತದೆ. ಟ್ರೇಲರಿನ ಹಿಂಬದಿಯ ಬಂಪರಿಗೆ ಕ್ಯಾನು ಸಿಕ್ಕಿಸುವ ಚೌಕಟ್ಟುಗಳನ್ನು ಮಾರುತ್ತಾರೆ. ನೋಡಲು ಅಂದವಾಗಿವೆ, ಕೈಗೆ ಸುಲಭವಾಗಿ ಸಿಗುತ್ತವೆ, ಆದರೂ ಅವನ್ನು ಕೊಳ್ಳಬೇಡಿ ಎಂದೇ ಹೇಳುತ್ತೇನೆ. ತುಂಬಿದ ಎರಡು ಕ್ಯಾನುಗಳ 42 ಕಿಲೋ ಭಾರ ಚಕ್ರದ ಆಕ್ಸಲಿನಿಂದ 3 ಮೀಟರ್ ಹಿಂದಿದ್ದು ಕೊಂಡಿ 4 ಮೀಟರ್ ಮುಂದಿದ್ದರೆ, ಕೊಂಡಿಯ ಮೇಲಿನ ಭಾರ 31 ಕಿಲೋದಷ್ಟು ಕಡಿಮೆಯಾಗುತ್ತದೆ. 120 ಕಿಲೋ ಇರಬೇಕಾದಲ್ಲಿ 89 ಆಯಿತೆಂದರೆ ವೇಗದಲ್ಲಿ ಟ್ರೇಲರ್ ಬಾಲ ಬೀಸತೊಡಗುವುದಕ್ಕೆ ಅದೇ ಸಾಕಾಗಬಹುದು. ಹಿಂದಿನಿಂದ ಬೇರೆ ವಾಹನ ಬಂದು ಗುದ್ದಿದರೆ ಮೊದಲ ಪೆಟ್ಟು ಡೀಸೆಲಿಗೇ. ಟ್ರೇಲರಿನ ಮುಂಗೋಲಿನ ಮೇಲೆ ಇಡುವುದು ಇದಕ್ಕಿಂತ ವಾಸಿ, ಆದರೆ ಎಳೆಯುವ ಗಾಡಿಯ ಹಿಂಚಕ್ರಗಳಿಂದ ಚಿಮ್ಮುವ ಕಲ್ಲುಗಳೆಲ್ಲ ನೇರ ಅಲ್ಲಿಗೇ ಬರುತ್ತವೆ, ಮುಂದೆ ಗಟ್ಟಿಯಾದ ರಬ್ಬರ್ ಪರದೆ ಬೇಕು. ಗ್ಯಾಸ್ ಸಿಲಿಂಡರ್ ಅಲ್ಲೇ ಇದ್ದರೆ ಆ ಜಾಗವನ್ನೂ ಬಿಡಬೇಕು. ಗಾಡಿಯ ಮಾಡಿನ ಮೇಲಿಟ್ಟರೆ ಸೈಫನ್ನಿಗೆ ಎತ್ತರವೇನೋ ಚೆನ್ನಾಗಿ ಸಿಗುತ್ತದೆ, ಆದರೆ 21 ಕಿಲೋ ತಲೆಯ ಮೇಲಕ್ಕೆ ಎತ್ತಬೇಕು, ತಿರುವಿನಲ್ಲಿ ಗಾಡಿ ವಾಲುವುದೂ ಹೆಚ್ಚುತ್ತದೆ.

ಎಳೆಯುವ ಗಾಡಿಯ ತೆರೆದ ತೊಟ್ಟಿಯಲ್ಲಿ, ಹಿಂದಿನ ಆಕ್ಸಲಿಗಿಂತ ಮುಂದೆ, ಅಂಚಿರುವ ತಟ್ಟೆಯೊಳಗೆ ನೆಟ್ಟಗೆ ನಿಲ್ಲಿಸಿ ರ‍್ಯಾಚೆಟ್ ಪಟ್ಟಿಯಿಂದ ಬಿಗಿಯುವುದೇ ಎಲ್ಲಕ್ಕಿಂತ ಉತ್ತಮ. ಕ್ಯಾನುಗಳ ನಡುವೆ ಮತ್ತು ಕೆಳಗೆ ರಬ್ಬರ್ ಹಾಸು ಇಲ್ಲದಿದ್ದರೆ ಕಚ್ಚಾರಸ್ತೆಯ ನಡುಕಕ್ಕೆ ಲೋಹಕ್ಕೆ ಲೋಹ ಉಜ್ಜಿ ಬಣ್ಣ ಹೋಗಿ, ಕಡೆಗೆ ಸೂಜಿಮೊನೆಯಷ್ಟು ತೂತು ಬೀಳುತ್ತದೆ. ಜನ ಕೂರುವ ಕ್ಯಾಬಿನ್ನಿನೊಳಗೆ ಡೀಸೆಲ್ ಬೇಡ. ಅದರ ವಾಸನೆ ಹೊಟ್ಟೆ ತೊಳಸುತ್ತದೆ, ಒಮ್ಮೆ ಕಾರ್ಪೆಟ್ಟಿಗೆ ಇಳಿದದ್ದು ಮತ್ತೆ ಹೋಗುವುದಿಲ್ಲ. ಎಷ್ಟು ಲೀಟರಿನವರೆಗೆ, ಎಲ್ಲಿಟ್ಟು ಒಯ್ಯಬಹುದು ಎಂಬ ಕಾನೂನು ದೇಶದಿಂದ ದೇಶಕ್ಕೆ ಬೇರೆ, ವಾಹನ ಸಾಗಿಸುವ ಹಡಗುಗಳಿಗೂ ಕೆಲವು ಸುರಂಗಗಳಿಗೂ ಅವುಗಳದೇ ನಿಯಮಗಳಿರುವುದರಿಂದ ಹೊರಡುವ ಮೊದಲೇ ವಿಚಾರಿಸಿಕೊಳ್ಳಬೇಕು.

ಕ್ಯಾನಿನ ಡೀಸೆಲನ್ನು ಯಾವಾಗ ಟ್ಯಾಂಕಿಗೆ ಹಾಕಬೇಕು ಎಂಬುದರ ಬಗ್ಗೆ ಬಹಳ ಜನರ ರೂಢಿಗೆ ನನ್ನ ವಿರೋಧವಿದೆ. ಮುಳ್ಳು ಕೆಂಪಿಗೆ ಬಂದ ಮೇಲೆ, ಗಾಡಿ ಕೆಮ್ಮತೊಡಗಿದ ಮೇಲೆ ಸುರಿಯೋಣ ಎಂದು ಕಾಯುತ್ತಾರೆ. ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆಯಿಂದ ಡೀಸೆಲ್ ಹೋಗುವ ಇಂದಿನ ಕಾಮನ್ ರೈಲ್ ಎಂಜಿನ್ನಿನಲ್ಲಿ ಹೆಚ್ಚಿನ ಒತ್ತಡದ ಪಂಪಿಗೆ ಜಾರುಗುಣ ಕೊಡುವುದು ಅದರ ಮೂಲಕ ಹರಿಯುವ ಡೀಸೆಲೇ. ಡೀಸೆಲ್ ಮುಗಿದು ಗಾಳಿ ಹೊಕ್ಕಿತೆಂದರೆ ಲೋಹಕ್ಕೆ ಲೋಹ ತಾಗಿ ಸವೆದು, ಆ ಪುಡಿ ಇಂಜೆಕ್ಟರುಗಳವರೆಗೂ ಹೋಗಬಹುದು. ಅಷ್ಟಾಗದಿದ್ದರೂ ಏರ್ ಹಿಡಿದ ಎಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡಬೇಕಾದರೆ ಪ್ರೈಮರ್ ಎಂಬ ಸಣ್ಣ ಕೈಪಂಪನ್ನು ಒತ್ತಿ ಒತ್ತಿ ಗಾಳಿ ತೆಗೆಯಬೇಕು. ಟ್ಯಾಂಕು ಅರ್ಧಕ್ಕೆ ಬಂದು ಎರಡು ಕ್ಯಾನಿಗೆ ಜಾಗವಾದ ಕೂಡಲೇ, ಸಮತಟ್ಟಾದ ನೆಲ, ನೆರಳು, ಹಗಲು ಬೆಳಕು ಇರುವ ಕಡೆ ನಿಂತು ಸುರಿದುಬಿಡುವುದು ಸರಿಯಾದ ಕ್ರಮ. ಅಲ್ಲಿಂದ ಮುಂದೆ ಡೀಸೆಲ್ ತನಗೆಂದೇ ಮಾಡಿದ, ಚಾಸಿಗೆ ಬಿಗಿದ ಟ್ಯಾಂಕಿನಲ್ಲಿರುತ್ತದೆ, ತೊಟ್ಟಿಯಲ್ಲಿ ಬರಿಯ ಕ್ಯಾನು ಇರುತ್ತದೆ, ಮುಳ್ಳು ತೋರಿಸುವ ಲೆಕ್ಕವೇ ನಿಜವಾದ ಲೆಕ್ಕವಾಗಿರುತ್ತದೆ.

ಸುರಿಯುವ ಮೊದಲು ಕ್ಯಾನಿನ ಕತ್ತಿನ ಸುತ್ತಲಿನ ಧೂಳನ್ನು ಬಟ್ಟೆಯಿಂದ ಒರೆಸಬೇಕು. ಗುರುತಿಲ್ಲದ ಬಂಕಿನಲ್ಲಿ ತುಂಬಿಸಿದ ಡೀಸೆಲಾದರೆ ನೀರು ತಡೆಯುವ ಜರಡಿಯಿರುವ ಆಲಿಕೆಯನ್ನು ಬಳಸುವುದು ಒಳ್ಳೆಯದು. ಅದರ ಸ್ಟೀಲ್ ಜರಡಿಗೆ ನೀರು ಒಗ್ಗದ ಲೇಪವಿರುವುದರಿಂದ ಡೀಸೆಲ್ ಹಾದುಹೋಗುತ್ತದೆ, ನೀರಿನ ಹನಿಗಳು ತಳದ ಗುಂಡಿಯಲ್ಲಿ ಮಣಿಗಳಂತೆ ಹೊರಳಾಡುತ್ತ ನಿಲ್ಲುತ್ತವೆ. ಡೀಸೆಲಿನಲ್ಲಿ ಕಲಸಿಹೋದ ನೀರನ್ನು ಅದು ತಡೆಯಲಾರದು, ಹರಿವೂ ನಿಧಾನ. ಆದರೂ ತಳದಲ್ಲಿ ಬೇರೆಯಾಗಿ ನಿಂತ ನೀರನ್ನು ಇಷ್ಟು ಸುಲಭವಾಗಿ ಕಣ್ಣಿಗೆ ತೋರಿಸುವ ಸಾಧನ ಇನ್ನೊಂದಿಲ್ಲ. ನೈಟ್ರೈಲ್ ಕೈಗವಸು ಮತ್ತು ಹೀರುವ ಹಾಳೆಗಳು ಕ್ಯಾನಿನ ಜೊತೆಗೇ ಇರಲಿ. ಡಾಂಬರಿನ ಮೇಲೆ ಚೆಲ್ಲಿದ ಡೀಸೆಲ್ ಆರುವುದಿಲ್ಲ. ಅದರ ಮೇಲೆ ಒಣ ಮರಳು ಹಾಕದೆ ಹೊರಟುಹೋದರೆ ಹಿಂದಿನಿಂದ ಬರುವ ಬೈಕಿನವರು ಜಾರಿ ಬೀಳುತ್ತಾರೆ.

ಚಳಿಯ ಎತ್ತರಕ್ಕೆ ಹೋಗುವವರು ಬೆಚ್ಚನೆಯ ಬಯಲಿನಲ್ಲಿ ತುಂಬಿಸಿದ ಕ್ಯಾನನ್ನು ಹಾದಿಯಲ್ಲೇ ಖಾಲಿ ಮಾಡಿ, ಮೇಲೆ ಸಿಗುವ ಚಳಿಗಾಲದ ಡೀಸೆಲನ್ನು ಮತ್ತೆ ತುಂಬಿಸಿಕೊಳ್ಳಬೇಕು. ಬಯಲಿನ ಡೀಸೆಲಿನಲ್ಲಿರುವ ಮೇಣ ಚಳಿಗೆ ಹೆಪ್ಪುಗಟ್ಟಿ ಮೊದಲು ಮಬ್ಬಾಗಿ, ಆಮೇಲೆ ಫಿಲ್ಟರನ್ನು ಕಟ್ಟಿಸುತ್ತದೆ. ಪ್ರಯಾಣ ಮುಗಿದ ಮೇಲೆ ಉಕ್ಕಿನ ಕ್ಯಾನನ್ನು ಅರೆತುಂಬಿ ಇಡಬಾರದು. ಖಾಲಿ ಭಾಗದ ಗಾಳಿಯಲ್ಲಿರುವ ತೇವ ರಾತ್ರಿ ತಂಪಿಗೆ ತಗಡಿನ ಮೇಲೆ ಹನಿಗಟ್ಟಿ ತಳಕ್ಕಿಳಿಯುತ್ತದೆ, ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲೇ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆ ಕಟ್ಟುತ್ತದೆ, ಜೈವಿಕ ಡೀಸೆಲ್ ಬೆರೆತಿದ್ದರೆ ಇನ್ನೂ ಬೇಗ. ಉಳಿದದ್ದನ್ನು ಗಾಡಿಗೇ ಸುರಿದು, ಕ್ಯಾನನ್ನು ಪೂರ್ತಿ ಬಸಿದು, ಮುಚ್ಚಳ ಹಾಕಿಡಬೇಕು. ಮುಚ್ಚಳದ ವಾಷರನ್ನು ಬೆರಳಿನಿಂದ ಒತ್ತಿ ನೋಡಿ, ಉಗುರಿನ ಗುರುತು ಹಾಗೆಯೇ ಉಳಿದರೆ ಅಥವಾ ಅಂಚಿನಲ್ಲಿ ಬಿರುಕು ಕಂಡರೆ ಬದಲಾಯಿಸಬೇಕು. ಕೊಳ್ಳುವಾಗ ನೈಟ್ರೈಲ್ ರಬ್ಬರಿನದನ್ನೇ ಕೇಳಿ ತರಬೇಕು, ಸಾಮಾನ್ಯ ರಬ್ಬರಿನ ವಾಷರ್ ಡೀಸೆಲಿನಲ್ಲಿ ಊದಿಕೊಂಡು ಮುಚ್ಚಳವೇ ಕೂರದಂತಾಗುತ್ತದೆ.